ಶುಗರ್ ಇದ್ದವರ ಹೃದಯ: ರಕ್ತದ ರಿಪೋರ್ಟು ಮಾಡಿಸುವ, ಓದುವ ಕ್ರಮ

ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 118 ಎಂದಿರುತ್ತದೆ. ಪಕ್ಕದ ಸಾಲಿನಲ್ಲಿ ‘130ರೊಳಗೆ’ ಎಂದು ಅಚ್ಚಾಗಿರುತ್ತದೆ. ನಕ್ಷತ್ರದ ಗುರುತಿಲ್ಲ, ದಪ್ಪ ಅಕ್ಷರವಿಲ್ಲ. ‘ಕೊಲೆಸ್ಟರಾಲ್ ನಾರ್ಮಲ್’ ಎಂದು ಮಡಚಿ ಫೈಲಿಗೆ ಸೇರಿಸಿಬಿಡುತ್ತಾರೆ. ಹತ್ತು ವರ್ಷದಿಂದ ಶುಗರ್ ಇರುವ, ಜತೆಗೆ ಬಿಪಿಯೂ ಇರುವ ಐವತ್ತೈದರ ಮನುಷ್ಯನಿಗೆ ಆ 118 ನಾರ್ಮಲ್ ಅಲ್ಲ. ಅವರದು 70ಕ್ಕಿಂತ ಕೆಳಗಿರಬೇಕು. ಲ್ಯಾಬಿನ ಯಂತ್ರಕ್ಕೆ ನಿಮಗೆ ಶುಗರ್ ಇರುವುದು ಗೊತ್ತಿಲ್ಲ. ಅಲ್ಲಿ ಅಚ್ಚಾಗುವ ಮಿತಿ ಊರಿನವರಿಗೆಲ್ಲ ಒಂದೇ. ಆದ್ದರಿಂದ ಶುಗರ್ ಇದ್ದವರು ರಿಪೋರ್ಟು ಓದುವಾಗ ಪಕ್ಕದ ಆ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು, ತಮ್ಮದೇ ಗುರಿಯ ಜತೆ ಅಂಕಿಯನ್ನು ಹೋಲಿಸಬೇಕು. ಕೆಳಗೆ ಹೇಳಿರುವುದೆಲ್ಲ ಅದನ್ನು ಮಾಡುವ ಬಗೆ. ಔಷಧಿ ಬರೆಯುವುದು, ಬದಲಿಸುವುದು ವೈದ್ಯರ ಕೆಲಸ. ಸರಿಯಾದ ಪರೀಕ್ಷೆ ಮಾಡಿಸಿ, ಸರಿಯಾದ ಪ್ರಶ್ನೆ ಕೇಳುವುದು ನಿಮ್ಮದು.

ಮೊದಲು ಯಾವುದು ಬೇಕು, ಯಾವುದು ಬೇಡ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದಲ್ಲಿ ಕೂಡ ಈಗ ‘ಫುಲ್ ಬಾಡಿ ಪ್ಯಾಕೇಜ್’ ಬೋರ್ಡುಗಳು ಕಾಣುತ್ತವೆ. ಎಂಬತ್ತು ಅಂಕಿ ಇರುವ ರಿಪೋರ್ಟು ನೋಡಲು ಗಟ್ಟಿಯಾಗಿರುತ್ತದೆ. ಆದರೆ ಹೃದಯದ ಲೆಕ್ಕಕ್ಕೆ ಬೇಕಾದ ಮೂತ್ರದ ಅಲ್ಬುಮಿನ್ ಅನುಪಾತ ಅದರಲ್ಲಿ ಅನೇಕ ಸಲ ಇರುವುದೇ ಇಲ್ಲ. ವರ್ಷಕ್ಕೊಮ್ಮೆ ತಪ್ಪದೆ ಬೇಕಾದವು ಇಷ್ಟೇ: ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್; ಇದು ಮಾತ್ರ ವರ್ಷಕ್ಕೆ ಎರಡು ಸಲ, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ), ಲಿಪಿಡ್ ಪ್ರೊಫೈಲ್ (ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಎಂಬ ಕೊಬ್ಬುಗಳ ಪರೀಕ್ಷೆ), ಕ್ರಿಯಾಟಿನಿನ್ ಜತೆಗೆ ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಲೆಕ್ಕ), ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಹಿಮೋಗ್ಲೋಬಿನ್. ಬಿಪಿ ಗುಳಿಗೆ ತೆಗೆದುಕೊಳ್ಳುವವರಿಗೆ ಪೊಟ್ಯಾಶಿಯಂ ಸೇರಿಸಿ. ಲೈಪೊಪ್ರೊಟೀನ್-ಎ (ಕೊಲೆಸ್ಟರಾಲ್ ಹೊರುವ ಒಂದು ಬಗೆಯ ಕಣ) ಜೀವಮಾನದಲ್ಲಿ ಒಂದು ಸಲ ಸಾಕು. ಎನ್‌ಟಿ-ಪ್ರೊಬಿಎನ್‌ಪಿ, ಅಪೊ-ಬಿ, ಎಚ್‌ಎಸ್-ಸಿಆರ್‌ಪಿ ಇವೆಲ್ಲ ಆಮೇಲಿನ ಮಾತು.

ಬೇಡದವು ಎಂದರೆ ಹೋಮೊಸಿಸ್ಟೀನ್ ಮತ್ತು ‘ಸ್ಮಾಲ್ ಡೆನ್ಸ್ ಎಲ್‌ಡಿಎಲ್’ ತರಹದವು. ಹೋಮೊಸಿಸ್ಟೀನ್ ಏರಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಾಣುವುದು ನಿಜ. ಆದರೆ ಫೋಲಿಕ್ ಆಸಿಡ್ ಕೊಟ್ಟು ಅದನ್ನು ಇಳಿಸಿದಾಗ ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು ದೊಡ್ಡ ಪ್ರಯೋಗಗಳು ತೋರಿಸಿವೆ. ಆ ದುಡ್ಡಿನಲ್ಲಿ ಬಿ12 ಪರೀಕ್ಷೆ ಮಾಡಿಸುವುದು ಮೇಲು. ವರ್ಷಗಟ್ಟಲೆ ಶುಗರಿನ ಗುಳಿಗೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಇಳಿಯುತ್ತದೆ. ಶಿರಸಿ-ಸಿದ್ದಾಪುರದ ಕಡೆಯ ಸಸ್ಯಾಹಾರಿ ಮನೆಗಳಲ್ಲಂತೂ ಇದು ಬೇಗ ಇಳಿಯುತ್ತದೆ. ಪಾದ ಜುಮ್ಮೆನ್ನುವುದೆಲ್ಲ ಶುಗರಿನಿಂದಲೇ ಅಂದುಕೊಂಡಿರುತ್ತಾರೆ, ಕಾರಣ ಬಿ12 ಆಗಿರುತ್ತದೆ.

ರಕ್ತ ಕೊಡುವ ದಿನ

ತಪ್ಪು ಅಂಕಿಗಳು ಬಹುಪಾಲು ಹುಟ್ಟುವುದು ಲ್ಯಾಬಿನಲ್ಲಿ ಅಲ್ಲ, ಹಿಂದಿನ ರಾತ್ರಿ.

ಇಡೀ ರಾತ್ರಿ ಯಕ್ಷಗಾನ ನೋಡಿದ ಮಾರನೇ ಬೆಳಿಗ್ಗೆ, ಮದುವೆಯೂಟದ ಮರುದಿನ, ಹಬ್ಬದ ವಾರದಲ್ಲಿ ರಕ್ತ ಕೊಡಬೇಡಿ. ನಿದ್ದೆಗೆಟ್ಟರೆ ಬೆಳಗಿನ ಶುಗರ್ ಏರುತ್ತದೆ. ಮದ್ಯ ಮತ್ತು ಸಿಹಿ ಎರಡೂ ಟ್ರೈಗ್ಲಿಸರೈಡನ್ನು ದಿನ ಬೆಳಗಾಗುವುದರೊಳಗೆ ಮೇಲೆತ್ತುತ್ತವೆ. ಹಿಂದಿನ ಮೂರು ದಿನ ಮದ್ಯ ಬೇಡ, ಊಟ ಎಂದಿನಂತೆಯೇ ಇರಲಿ. ಪರೀಕ್ಷೆಗೆಂದು ಒಂದು ವಾರ ಗಂಜಿ ಕುಡಿದು ಅಂಕಿ ಇಳಿಸಿಕೊಂಡರೆ ನೀವು ಮೋಸಗೊಳಿಸುವುದು ವೈದ್ಯರನ್ನಲ್ಲ.

ಜ್ವರ ಬಂದು ಹೋದ ಮೇಲೆ ಎರಡು-ಮೂರು ವಾರ ಬಿಡಿ. ದೊಡ್ಡ ಕಾಯಿಲೆಯೋ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ಲಿಪಿಡ್‌ಗೆ ಆರು ವಾರ ಕಾಯಿರಿ. ಸೋಂಕು ಇರುವಾಗ ಎಲ್‌ಡಿಎಲ್ ಸುಳ್ಳೇ ಇಳಿದಿರುತ್ತದೆ, ಸಿಆರ್‌ಪಿ (ದೇಹದ ಉರಿಯೂತದ ಅಳತೆ) ಮತ್ತು ಶುಗರ್ ಎರಡೂ ಏರಿರುತ್ತವೆ. ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ, ಬೇಸಿಗೆಯ ಕಡೆಗೆ ಸಿದ್ದಾಪುರ-ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಬರುವ ಜಿಲ್ಲೆ ನಮ್ಮದು. ವಾರ್ಷಿಕ ಪರೀಕ್ಷೆಗೆ ಮಳೆ ಕಳೆದ ನಂತರದ ತಿಂಗಳುಗಳೇ ಅನುಕೂಲ.

ಉಪವಾಸ ಬೇಕೇ? ಎಚ್‌ಬಿಎ1ಸಿ, ಕ್ರಿಯಾಟಿನಿನ್, ಲೈಪೊಪ್ರೊಟೀನ್-ಎ, ಅಪೊ-ಬಿ ಇವಕ್ಕೆ ಬೇಡವೇ ಬೇಡ. ಲಿಪಿಡ್ ಪ್ರೊಫೈಲನ್ನೂ ಊಟವಾದ ಮೇಲೆ ಮಾಡಿಸಬಹುದು. ಸಾಮಾನ್ಯ ಊಟದ ನಂತರ ಟ್ರೈಗ್ಲಿಸರೈಡ್ ಸರಾಸರಿ 25 ಮಿ.ಗ್ರಾಂ ಆಸುಪಾಸು ಏರಬಹುದು, ಉಳಿದವು ಹೆಚ್ಚು ಕದಲುವುದಿಲ್ಲ. ಊಟದ ನಂತರದ ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ. ಬರೀ ಹೊಟ್ಟೆಯ ಶುಗರ್ ಬೇಕಿದ್ದರೆ ಎಂಟು ತಾಸು ಸಾಕು, ಟ್ರೈಗ್ಲಿಸರೈಡ್ ಸೇರಿದರೆ ಹತ್ತರಿಂದ ಹನ್ನೆರಡು. ನೀರು ಕುಡಿಯಬಹುದು, ಕುಡಿಯಲೇಬೇಕು. ಚಹಾ, ಹಾಲು ಹಾಕಿದ ಕಷಾಯ, ಕವಳ (ಎಲೆ-ಅಡಿಕೆ) ಯಾವುದೂ ಬೇಡ.

ಅಪಾಯ ಇರುವುದು ಇಲ್ಲಿ. ಜೊಯಿಡಾದ ಒಳಗಿನ ಹಳ್ಳಿಯಿಂದಲೋ ಘಟ್ಟದ ಸೆರಗಿನಿಂದಲೋ ಬೆಳಗಿನ ಮೊದಲ ಬಸ್ಸಿಗೆ ಹೊರಟವರು ಲ್ಯಾಬಿನ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಹದಿಮೂರು-ಹದಿನಾಲ್ಕು ತಾಸು ಉಪವಾಸ ಆಗಿರುತ್ತದೆ. ಅಭ್ಯಾಸಬಲದಿಂದ ಶುಗರಿನ ಗ್ಲಿಮಿಪಿರೈಡ್ ಗುಳಿಗೆ ನುಂಗಿಯೋ ಇನ್ಸುಲಿನ್ ಚುಚ್ಚಿಕೊಂಡೋ ಬಂದಿದ್ದರೆ ಶುಗರ್ ಕುಸಿದು ಬಸ್ಸಿನಲ್ಲೇ ತಲೆ ತಿರುಗುತ್ತದೆ. ಈ ಎರಡನ್ನು ಮನೆಯಲ್ಲಿ ತೆಗೆದುಕೊಳ್ಳದೆ, ತಿಂಡಿಯ ಜತೆ ಚೀಲದಲ್ಲಿ ತನ್ನಿ. ರಕ್ತ ಕೊಟ್ಟ ತಕ್ಷಣ ಅಲ್ಲೇ ಕುಳಿತು ಎಂದಿನ ಕ್ರಮದಲ್ಲಿ ಔಷಧಿ ತೆಗೆದುಕೊಂಡು ತಿನ್ನಿ. ರಾತ್ರಿ ಹಾಕಿಕೊಳ್ಳುವ ದೀರ್ಘಾವಧಿಯ ಇನ್ಸುಲಿನ್ ಬಗ್ಗೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಬಿಪಿ ಗುಳಿಗೆ ಬಿಡಬೇಡಿ. ದೂರದಿಂದ ಬರುವವರಿಗೆ ಉಪವಾಸವಿಲ್ಲದ ಪರೀಕ್ಷೆಗಳನ್ನೇ ಬರೆದುಕೊಡಲು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಲ್ಯಾಬಿನಲ್ಲಿ ಐದು-ಹತ್ತು ನಿಮಿಷ ಕುಳಿತ ಮೇಲೆ ರಕ್ತ ಕೊಡಿ. ನಿಂತಿದ್ದವರ ಮತ್ತು ಮಲಗಿದ್ದವರ ಕೊಲೆಸ್ಟರಾಲಿನಲ್ಲಿ ಶೇ 10ರಷ್ಟು ಅಂತರ ಬರಬಹುದು. ತೋಳಿಗೆ ಕಟ್ಟಿದ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಟ್ಟರೂ ಅಂಕಿ ಏರುತ್ತದೆ. ಕೊಳವೆಗಳನ್ನು ಗಮನಿಸಿ: ನೇರಳೆ ಮುಚ್ಚಳದ್ದು ಎಚ್‌ಬಿಎ1ಸಿಗೆ, ಬೂದು ಮುಚ್ಚಳದ್ದು ಶುಗರಿಗೆ, ಕೆಂಪು ಅಥವಾ ಹಳದಿ ಮುಚ್ಚಳದ್ದು ಲಿಪಿಡ್ ಮತ್ತು ಕ್ರಿಯಾಟಿನಿನ್‌ಗೆ. ಶುಗರಿಗೆ ಬೂದು ಮುಚ್ಚಳ ಏಕೆಂದರೆ ಅದರಲ್ಲಿ ಫ್ಲೋರೈಡ್ ಇದೆ. ಸಾದಾ ಕೊಳವೆಯಲ್ಲಿ ಬೇರ್ಪಡಿಸದೆ ಬಿಟ್ಟ ರಕ್ತದ ಕಣಗಳು ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸನ್ನು ತಾವೇ ತಿಂದುಬಿಡುತ್ತವೆ. ಹಳ್ಳಿಯ ಕಲೆಕ್ಷನ್ ಸೆಂಟರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ಮಾದರಿಯಾದರೆ, ಸೆಂಟರಿನಲ್ಲೇ ಯಂತ್ರದಲ್ಲಿ ತಿರುಗಿಸಿ ಸೀರಮ್ (ರಕ್ತದ ತಿಳಿ) ಬೇರ್ಪಡಿಸಿ ಕಳುಹಿಸುತ್ತಾರೆಯೇ ಎಂದು ಕೇಳಿ. ಬೇರ್ಪಡಿಸದ ರಕ್ತ ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಕುಲುಕುತ್ತಾ ಹತ್ತಿದರೆ ಕೆಂಪುಕಣ ಒಡೆದು ಪೊಟ್ಯಾಶಿಯಂ ಸುಳ್ಳೇ ಏರುತ್ತದೆ. ಹಾಗೆ 5.8, 6 ಬಂದಾಗ ಗಾಬರಿಯಾಗಿ ಬಿಪಿಯ ಗುಳಿಗೆ ಟೆಲ್ಮಿಸಾರ್ಟನ್ ನಿಲ್ಲಿಸುವುದಲ್ಲ. ಅದೇ ದಿನ ಆಸ್ಪತ್ರೆಯ ಲ್ಯಾಬಿನಲ್ಲಿ ಮರುಪರೀಕ್ಷೆ, ಒಂದು ಇಸಿಜಿ.

ಕೂದಲಿಗೆ, ನರಕ್ಕೆ ಎಂದು ಬಯೋಟಿನ್ ಇರುವ ಗುಳಿಗೆ ತೆಗೆದುಕೊಳ್ಳುವವರು ಲ್ಯಾಬಿನವರಿಗೆ ಹೇಳಬೇಕು. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಅನ್ನು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ, ಥೈರಾಯ್ಡ್ ಫಲಿತಾಂಶವನ್ನೂ ಕೆಡಿಸುತ್ತದೆ. ಪೂರ್ವನಿಗದಿತ ಪರೀಕ್ಷೆಯಾದರೆ ಎರಡು-ಮೂರು ದಿನ ಮೊದಲೇ ನಿಲ್ಲಿಸಿ.

ಲಿಪಿಡ್: ಮೂರು ಅಂಕಿ, ಒಂದು ಕಳೆಯುವ ಲೆಕ್ಕ

ಒಂದು ಮಾದರಿ ರಿಪೋರ್ಟು ಇಟ್ಟುಕೊಳ್ಳೋಣ. ಒಟ್ಟು ಕೊಲೆಸ್ಟರಾಲ್ 186, ಟ್ರೈಗ್ಲಿಸರೈಡ್ 260, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 34, ಎಲ್‌ಡಿಎಲ್ 100. ಒಟ್ಟು 200ರೊಳಗಿದೆ, ಎಲ್‌ಡಿಎಲ್ ‘ಒಳ್ಳೆಯದು’ ಅನ್ನುವ ಗೆರೆಯ ಮೇಲೇ ಇದೆ. ಲ್ಯಾಬಿನ ಪ್ರಕಾರ ಎರಡೂ ಪಾಸು.

ಈಗ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ: 186ರಲ್ಲಿ 34 ಕಳೆದರೆ 152. ಇದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ರಕ್ತನಾಳದ ಗೋಡೆಯೊಳಗೆ ಹೋಗಿ ಕೂರಬಲ್ಲ ಎಲ್ಲ ಬಗೆಯ ಕಣಗಳ ಕೊಲೆಸ್ಟರಾಲೂ ಇದರೊಳಗೆ ಬಂತು. ನಲವತ್ತು ದಾಟಿ ಶುಗರಿನ ಜತೆ ಬಿಪಿಯೂ ಇರುವವರ ಗುರಿ ಇದಕ್ಕೆ 100ಕ್ಕಿಂತ ಕಡಿಮೆ. ‘ಪಾಸಾದ’ ರಿಪೋರ್ಟು ಐವತ್ತೆರಡು ಅಂಕ ಮೇಲಿದೆ!

ಹೀಗೇಕೆ ಆಗುತ್ತದೆ ಎಂದರೆ, ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯುತ್ತವೆ. ಇಲ್ಲಿ 186 ಕಳೆ 34 ಕಳೆ 52, ಉಳಿದದ್ದು 100. ಟ್ರೈಗ್ಲಿಸರೈಡ್ ಹೆಚ್ಚಾದಷ್ಟೂ ಈ ಸೂತ್ರ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುತ್ತದೆ, 400 ದಾಟಿದರೆ ಸೂತ್ರವೇ ಸಲ್ಲುವುದಿಲ್ಲ. ಶುಗರ್ ಇದ್ದವರಲ್ಲಿ ಏರುವುದು ಟ್ರೈಗ್ಲಿಸರೈಡೇ, ಇಳಿಯುವುದು ಎಚ್‌ಡಿಎಲ್ಲೇ. ಅಂದರೆ ಯಾರಿಗೆ ಎಲ್‌ಡಿಎಲ್ ಸರಿಯಾಗಿ ಬೇಕೋ ಅವರಲ್ಲೇ ಅದು ತಪ್ಪುತ್ತದೆ. ನಾನ್-ಎಚ್‌ಡಿಎಲ್‌ಗೆ ಈ ತೊಂದರೆ ಇಲ್ಲ, ಉಪವಾಸದ ಗೋಜೂ ಇಲ್ಲ, ಹೆಚ್ಚಿನ ಖರ್ಚೂ ಇಲ್ಲ. ಅನೇಕ ರಿಪೋರ್ಟುಗಳಲ್ಲಿ ಇದು ಅಚ್ಚಾಗಿರುವುದಿಲ್ಲ, ಪೆನ್ನಿನಲ್ಲಿ ನೀವೇ ಬರೆದುಕೊಳ್ಳಿ.

ಗುರಿಗಳು: ಶುಗರ್ ಇದ್ದು, ವಯಸ್ಸು ಕಡಿಮೆ, ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಎಲ್‌ಡಿಎಲ್ 100ರೊಳಗೆ. ನಲವತ್ತು ದಾಟಿ ಜತೆಗೆ ಬಿಪಿ, ತಂಬಾಕು, ಮೂತ್ರಪಿಂಡದ ತೊಂದರೆ, ಕುಟುಂಬದಲ್ಲಿ ಬೇಗ ಹೃದಯಾಘಾತ ಇವುಗಳಲ್ಲಿ ಒಂದಾದರೂ ಇದ್ದರೆ 70ರೊಳಗೆ. ಈಗಾಗಲೇ ಹೃದಯಾಘಾತ, ಸ್ಟೆಂಟು, ಪಾರ್ಶ್ವವಾಯು ಆಗಿದ್ದರೆ 55ರೊಳಗೆ. ನಾನ್-ಎಚ್‌ಡಿಎಲ್ ಗುರಿ ಎಂದರೆ ಪ್ರತಿಯೊಂದಕ್ಕೂ 30 ಸೇರಿಸಿದ್ದು. ಇವು ಬರೀ ಕಾಗದದ ಗುರಿಗಳಲ್ಲ. 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಪ್ರಯೋಗದಲ್ಲಿ, ಎಲ್‌ಡಿಎಲ್ ಅಷ್ಟೇನೂ ಹೆಚ್ಚಿಲ್ಲದ ಎರಡನೇ ಬಗೆಯ ಮಧುಮೇಹಿಗಳಿಗೆ ದಿನಕ್ಕೆ 10 ಮಿ.ಗ್ರಾಂ ಅಟೊರ್ವಾಸ್ಟಾಟಿನ್ (ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಗುಳಿಗೆ) ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಆಘಾತಗಳು ಶೇ 37ರಷ್ಟು ಇಳಿದವು.

ಟ್ರೈಗ್ಲಿಸರೈಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. 260 ಕಂಡಕೂಡಲೇ ಅದನ್ನು ಇಳಿಸುವ ಗುಳಿಗೆ ಬೇಕು ಎನ್ನುವುದು. 2010ರ ಅಕಾರ್ಡ್ ಪ್ರಯೋಗದಲ್ಲಿ ಸ್ಟಾಟಿನ್ ಜತೆಗೆ ಟ್ರೈಗ್ಲಿಸರೈಡ್ ಇಳಿಸುವ ಫೆನೊಫೈಬ್ರೇಟ್ ಸೇರಿಸಿದರೂ ಒಟ್ಟಾರೆ ಹೃದಯಾಘಾತ ಕಡಿಮೆಯಾಗಲಿಲ್ಲ. 2022ರ ಪ್ರಾಮಿನೆಂಟ್ ಪ್ರಯೋಗದಲ್ಲಿ ಅದೇ ಗುಂಪಿನ ಪೆಮಾಫೈಬ್ರೇಟ್ ಟ್ರೈಗ್ಲಿಸರೈಡ್ ಇಳಿಸಿತು, ಆಘಾತಗಳನ್ನು ಇಳಿಸಲಿಲ್ಲ. ಟ್ರೈಗ್ಲಿಸರೈಡ್ ಹೆಚ್ಚಿದ್ದರೆ ಮೊದಲು ಎಚ್‌ಬಿಎ1ಸಿ ನೋಡಿ. ಅದು 10 ಇದ್ದರೆ, ಶುಗರ್ ಇಳಿದಾಗ ಇದೂ ತಾನಾಗಿ ಇಳಿಯುತ್ತದೆ. ಆಮೇಲೆ ಸಾರಾಯಿ-ಹೆಂಡ, ಬೆಲ್ಲ, ಅನ್ನದ ಪ್ರಮಾಣ ನೋಡಿ. ಜೋನಿಬೆಲ್ಲ ಶುಗರ್ ಏರಿಸುವುದಿಲ್ಲ ಎಂಬ ನಂಬಿಕೆ ಘಟ್ಟದ ಮೇಲಿನ ಮನೆಗಳಲ್ಲಿ ಇನ್ನೂ ಇದೆ. ಏರಿಸುತ್ತದೆ, ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. 500 ದಾಟಿದರೆ ಮಾತ್ರ ಕಥೆ ಬೇರೆ: ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ, ಆಗ ಅದನ್ನೇ ಮೊದಲು ಇಳಿಸಬೇಕು.

ಎಚ್‌ಡಿಎಲ್ ಏರಿಸುವ ಗುಳಿಗೆಗಳ ಕಥೆಯೂ ಹೀಗೇ ಮುಗಿದಿದೆ. ಅಂಕಿ ಏರಿತು, ಹೃದಯಕ್ಕೆ ಲಾಭವಾಗಲಿಲ್ಲ. ನಡಿಗೆ, ತಂಬಾಕು ಬಿಡುವುದು, ಇಷ್ಟೇ. ಅಂದಹಾಗೆ, ತಂಬಾಕು ಹಾಕಿದ ಕವಳ ಯಾವ ಪ್ಯಾಕೇಜಿನ ರಿಪೋರ್ಟಿನಲ್ಲೂ ಕಾಣುವುದಿಲ್ಲ. ಅದನ್ನು ವೈದ್ಯರಿಗೆ ಬಾಯಿಬಿಟ್ಟೇ ಹೇಳಬೇಕು.

ಒಂದು ರಿಪೋರ್ಟಿನಿಂದ ಇನ್ನೊಂದಕ್ಕೆ ಒಟ್ಟು ಕೊಲೆಸ್ಟರಾಲ್ 190 ಇದ್ದದ್ದು 198 ಆದರೆ ಏನೂ ಆಗಿಲ್ಲ. ಶೇ 5-6ರಷ್ಟು ಏರಿಳಿತ ದೇಹದ್ದೇ. ಟ್ರೈಗ್ಲಿಸರೈಡಿನಲ್ಲಂತೂ ಶೇ 20ಕ್ಕೂ ಮಿಕ್ಕಿ ಕದಲುತ್ತದೆ. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಇದಕ್ಕೇ.

ಎಚ್‌ಬಿಎ1ಸಿ ಯಾವಾಗ ಸುಳ್ಳು ಹೇಳುತ್ತದೆ

ಎರಡು-ಮೂರು ತಿಂಗಳ ಸರಾಸರಿ ಶುಗರಿನ ಅಂಕಿ ಇದು. 7 ಎಂದರೆ ಸರಾಸರಿ ಶುಗರ್ 154, 8 ಎಂದರೆ 183, 9 ಎಂದರೆ 212. ಬಹುತೇಕರಿಗೆ ಗುರಿ 7ರ ಆಸುಪಾಸು. ವಯಸ್ಸಾದವರು, ಶುಗರ್ ಕುಸಿದು ಬೀಳುವವರು, ಹೃದಯ ಈಗಾಗಲೇ ದುರ್ಬಲವಾದವರಿಗೆ 8ರವರೆಗೂ ಬಿಡಬಹುದು. ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಕಾರ್ಡ್ ಪ್ರಯೋಗದಲ್ಲಿ ಹೃದಯದ ಅಪಾಯ ಹೆಚ್ಚಿದ್ದವರ ಎಚ್‌ಬಿಎ1ಸಿಯನ್ನು ಔಷಧಿ ಹೆಚ್ಚಿಸಿ 6ಕ್ಕಿಂತ ಕೆಳಗೆ ತರಲು ಹೊರಟಾಗ ಸಾವು ಹೆಚ್ಚಾಯಿತು, 2008ರಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು.

ಈ ಅಂಕಿ ನಿಂತಿರುವುದು ಕೆಂಪುಕಣಗಳ ಆಯುಷ್ಯದ ಮೇಲೆ. ಅದಕ್ಕೇ ಪಕ್ಕದಲ್ಲಿ ಹಿಮೋಗ್ಲೋಬಿನ್ ಇರಬೇಕು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಳ್ಳೇ ಹೆಚ್ಚು ಬರುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ನಲವತ್ತರ ಹೆಂಗಸರಲ್ಲಿ ಇದು ಸಾಮಾನ್ಯ. ಇತ್ತೀಚೆಗೆ ರಕ್ತದಾನ ಮಾಡಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಡಯಾಲಿಸಿಸ್‌ನಲ್ಲಿದ್ದು ರಕ್ತ ಹೆಚ್ಚುವ ಚುಚ್ಚುಮದ್ದು ಪಡೆಯುತ್ತಿದ್ದರೆ ಸುಳ್ಳೇ ಕಡಿಮೆ. ಪತ್ತೆ ಹಚ್ಚುವುದು ಸುಲಭ: ಮನೆಯ ಗ್ಲುಕೋಮೀಟರಿನ ಅಂಕಿಗಳು 130, 150, 160 ಎಂದು ಬರುತ್ತಿದ್ದು ಎಚ್‌ಬಿಎ1ಸಿ 9 ಎಂದರೆ ಎರಡರಲ್ಲಿ ಒಂದು ತಪ್ಪು. ಆಗ ಔಷಧಿ ಏರಿಸುವ ಮೊದಲು ಹಿಮೋಗ್ಲೋಬಿನ್ ನೋಡಬೇಕು, ಊಟದ ನಂತರದ ಶುಗರ್ ಅಳೆಯದೆ ಬಿಟ್ಟಿದ್ದೇವೆಯೇ ಎಂದೂ ನೋಡಬೇಕು. ಎರಡನೆಯದೇ ಹೆಚ್ಚು ಸಲ ಕಾರಣ.

ಮೂತ್ರಪಿಂಡದ ಎರಡು ಅಂಕಿ

ರಕ್ತದ ಮಾತಿನ ನಡುವೆ ಮೂತ್ರ ಏಕೆ ಎಂದು ಕೇಳಬಹುದು. ಮೂತ್ರದಲ್ಲಿ ಅಲ್ಬುಮಿನ್ ಸೋರಲು ಶುರುವಾದರೆ ದೇಹದ ಸಣ್ಣ ರಕ್ತನಾಳಗಳು ಎಲ್ಲ ಕಡೆಯೂ ಹಾಳಾಗುತ್ತಿವೆ ಎಂದೇ ಅರ್ಥ, ಹೃದಯದ್ದೂ ಸೇರಿ. ಶುಗರ್ ಇರುವವರಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ಮುಂಚೆ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಆದರೂ ಅತಿ ಹೆಚ್ಚು ತಪ್ಪಿಹೋಗುವುದು ಇದೇ.

ಚೀಟಿಯಲ್ಲಿ ‘ಯೂರಿನ್ ರುಟೀನ್’ ಎಂದಿದ್ದರೆ ಸಾಲದು. ಅದರ ಪಟ್ಟಿ ಪರೀಕ್ಷೆಯಲ್ಲಿ ‘ಅಲ್ಬುಮಿನ್ ನಿಲ್’ ಬಂದರೂ ಸಣ್ಣ ಸೋರಿಕೆ ಇರಬಹುದು. ಬರೀ ‘ಮೈಕ್ರೋಅಲ್ಬುಮಿನ್’ ಕೂಡ ಬೇಡ. ಎರಡು ಲೋಟ ನೀರು ಕುಡಿದರೆ ಅದು ಇಳಿಯುತ್ತದೆ, ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಬೆವರಿ ಬಂದರೆ ಏರುತ್ತದೆ. ‘ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಎಸಿಆರ್’ ಎಂದೇ ಬರೆಸಿ. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಭಾರೀ ಮೈಗೆಲಸ ಇದ್ದರೆ ಮುಂದೂಡಿ. ತೋಟದಲ್ಲಿ ಇಡೀ ದಿನ ಅಡಿಕೆ ಕೊಯ್ಲು ಮಾಡಿಸಿ ಹೊತ್ತವರಿಗೂ ಇದು ಅನ್ವಯ. 30ಕ್ಕಿಂತ ಕಡಿಮೆ ಸರಿ. 30ರಿಂದ 300 ಎಚ್ಚರಿಕೆ. 300ರ ಮೇಲೆ ಗಂಭೀರ. ಒಂದು ಸಲ ಹೆಚ್ಚು ಬಂದರೆ ತೀರ್ಮಾನ ಬೇಡ, ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ ಎರಡರಲ್ಲಿ ಹೆಚ್ಚಿದ್ದರೆ ಖಚಿತ.

ಕ್ರಿಯಾಟಿನಿನ್ ಒಂದೇ ನೋಡಿದರೆ ಮೋಸ ಹೋಗುತ್ತೀರಿ. 1.2 ಎಂಬ ಅಂಕಿ ಮೂವತ್ತರ ಗಂಡಸಿಗೆ ಇಜಿಎಫ್‌ಆರ್ ಸುಮಾರು 83, ಅರವತ್ತೆರಡರ ಹೆಂಗಸಿಗೆ ಸುಮಾರು 51. ಮೊದಲಿನವರಿಗೆ ಚಿಂತೆಯಿಲ್ಲ. ಎರಡನೆಯವರಿಗೆ ಅದು ಮೂರು ತಿಂಗಳು ಹಾಗೇ ಇದ್ದರೆ ಮೂತ್ರಪಿಂಡದ ಕಾಯಿಲೆ ಎಂದೇ ಲೆಕ್ಕ, ಹೃದಯದ ಅಪಾಯವೂ ಒಂದು ಮೆಟ್ಟಿಲು ಮೇಲೆ. ರಿಪೋರ್ಟಿನಲ್ಲಿ ಅನೇಕ ಸಲ ಎರಡೂ ಕಡೆ ನಕ್ಷತ್ರವಿರುವುದಿಲ್ಲ! ಹಿಂದಿನ ರಾತ್ರಿ ಮಾಂಸದ ದೊಡ್ಡ ಊಟವಾಗಿದ್ದರೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ, ಫೆನೊಫೈಬ್ರೇಟ್ ಕೂಡ ಏರಿಸುತ್ತದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು ನಿಜವಾಗಿಯೇ ಕೆಡಿಸುತ್ತವೆ. ಇಜಿಎಫ್‌ಆರ್ 30ಕ್ಕಿಂತ ಇಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕಾಗುತ್ತದೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರಿನ ಗುಳಿಗೆಗಳನ್ನು ಶುರು ಮಾಡಿದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ತುಸು ಇಳಿಯುವುದು ನಿರೀಕ್ಷಿತವೇ. ಅದನ್ನು ನೋಡಿ ಗುಳಿಗೆ ಬಿಟ್ಟುಬಿಟ್ಟರೆ ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ ಔಷಧಿಯನ್ನೇ ಬಿಟ್ಟಂತೆ. ಇವುಗಳಲ್ಲಿ ಮೂತ್ರದ ಶುಗರ್ ಯಾವಾಗಲೂ ‘ಮೂರು ಪ್ಲಸ್’ ಬರುತ್ತದೆ. ಗುಳಿಗೆ ಕೆಲಸ ಮಾಡುವ ಬಗೆಯೇ ಅದು.

ಇನ್ನೂ ಮುಂದೆ ಹೋಗುವವರಿಗೆ

ಅಪೊ-ಬಿ. ಎಲ್‌ಡಿಎಲ್ ಹೇಳುವುದು ಚೀಲದೊಳಗಿನ ಅಡಿಕೆಯ ತೂಕವನ್ನು, ಅಪೊ-ಬಿ ಹೇಳುವುದು ಚೀಲಗಳ ಸಂಖ್ಯೆಯನ್ನು. ಒಂದು ಕಣಕ್ಕೆ ಒಂದೇ ಅಪೊ-ಬಿ. ಶುಗರ್ ಇದ್ದವರಲ್ಲಿ ಕಣಗಳು ಸಣ್ಣವಾಗಿ, ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಎಲ್‌ಡಿಎಲ್ ಸರಿಯಿದ್ದಂತೆ ಕಂಡರೂ ಅಪೊ-ಬಿ ಹೆಚ್ಚಿರುತ್ತದೆ. ಹೆಚ್ಚಿನ ಅಪಾಯದವರಿಗೆ 80ರೊಳಗೆ, ಅತಿ ಹೆಚ್ಚಿನ ಅಪಾಯದವರಿಗೆ 65ರೊಳಗೆ ಗುರಿ. ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಇದು ಉಪಯುಕ್ತ. ಉಳಿದವರಿಗೆ ನಾನ್-ಎಚ್‌ಡಿಎಲ್ ಸಾಕು.

ಲೈಪೊಪ್ರೊಟೀನ್-ಎ ಹುಟ್ಟಿನಿಂದ ಬಂದದ್ದು, ಊಟದಿಂದ ಬದಲಾಗುವುದಿಲ್ಲ. 50 ಮಿ.ಗ್ರಾಂ ಅಥವಾ 125 ನ್ಯಾನೊಮೋಲ್ ದಾಟಿದರೆ ಹೆಚ್ಚು. ಎರಡು ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಗುಣಿಸಿ ಬದಲಿಸಬೇಡಿ, ಸರಿಹೊಂದುವುದಿಲ್ಲ. ಹೆಚ್ಚಿದ್ದರೆ ಎಲ್‌ಡಿಎಲ್ ಗುರಿಯನ್ನು ಬಿಗಿ ಮಾಡಬೇಕು, ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು, ಮಕ್ಕಳು ಒಮ್ಮೆ ಮಾಡಿಸಿಕೊಳ್ಳಬೇಕು. ಐವತ್ತರೊಳಗೆ ಹೃದಯಾಘಾತ ಕಂಡ ಕುಟುಂಬಗಳು ಇದನ್ನು ಬಿಡಬಾರದು.

ಎಚ್‌ಎಸ್-ಸಿಆರ್‌ಪಿ 1ಕ್ಕಿಂತ ಕಡಿಮೆ ಒಳ್ಳೆಯದು, 3ರ ಮೇಲೆ ಹೆಚ್ಚು. 10 ದಾಟಿದರೆ ಅದು ಸಾಮಾನ್ಯವಾಗಿ ಹೃದಯದ ಮಾತಲ್ಲ, ಎಲ್ಲೋ ಸೋಂಕು ಅಥವಾ ಉರಿಯೂತ. ಹುಳುಕು ಹಲ್ಲು, ಊದಿದ ವಸಡು ಕೂಡ ಏರಿಸುತ್ತವೆ. ಬಂದ ಅಂಕಿಯಿಂದ ಚಿಕಿತ್ಸೆ ಬದಲಾಗುವುದು ವಿರಳ, ಹಾಗಾಗಿ ಇದಕ್ಕೆ ದುಡ್ಡು ಹಾಕುವ ಮೊದಲು ಎಸಿಆರ್ ಆಗಿದೆಯೇ ನೋಡಿ.

ಎನ್‌ಟಿ-ಪ್ರೊಬಿಎನ್‌ಪಿ ಬೇರೆ ಬಗೆಯದು. ಇದು ರಕ್ತನಾಳದ ಅಡಚಣೆಯನ್ನಲ್ಲ, ಹೃದಯದ ಸ್ನಾಯು ಬಳಲುತ್ತಿರುವುದನ್ನು ಹೇಳುತ್ತದೆ. ಶುಗರ್ ಇದ್ದವರಲ್ಲಿ ಹೃದಯಾಘಾತವಿಲ್ಲದೆಯೂ ಹೃದಯ ಸೋಲಬಹುದು. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಇದನ್ನು ನೋಡುವುದು ಸೂಕ್ತ ಎಂದು 2022ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ವರದಿ ಹೇಳಿತು. 125 ಅಥವಾ ಹೆಚ್ಚಿದ್ದರೆ ಎಕೊ (ಹೃದಯದ ಸ್ಕ್ಯಾನ್). ವಯಸ್ಸು, ಮೂತ್ರಪಿಂಡದ ತೊಂದರೆ, ಹೃದಯ ಬಡಿತದ ಅಸ್ತವ್ಯಸ್ತತೆ ಇದನ್ನು ಏರಿಸುತ್ತವೆ, ಬೊಜ್ಜು ಇಳಿಸುತ್ತದೆ. ದಪ್ಪ ಮೈಯವರಲ್ಲಿ ಕಡಿಮೆ ಬಂತೆಂದು ನಿಶ್ಚಿಂತೆ ಬೇಡ. ಕಾಲು ಊದುವುದು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ರಾತ್ರಿ ಎರಡು ದಿಂಬು ಬೇಕಾಗುವುದು ಇದ್ದರೆ ಅಂಕಿ ನೋಡದೆ ಎಕೊ ಮಾಡಿಸಬೇಕು.

ಗುಳಿಗೆ ಶುರುವಾದ ಮೇಲೆ

ಸ್ಟಾಟಿನ್ ಶುರು ಮಾಡುವ ಮೊದಲಿನ ರಿಪೋರ್ಟನ್ನು ಎಸೆಯಬೇಡಿ. ಎಷ್ಟು ಶೇಕಡಾ ಇಳಿಯಿತು ಎಂದು ತಿಳಿಯುವುದು ಅದರಿಂದಲೇ. ನಾಲ್ಕರಿಂದ ಹನ್ನೆರಡು ವಾರದೊಳಗೆ ಮತ್ತೆ ಲಿಪಿಡ್ ಮಾಡಿಸಿ. ಅಟೊರ್ವಾಸ್ಟಾಟಿನ್ 10-20, ರೊಸುವಾಸ್ಟಾಟಿನ್ 5-10 ಮಿ.ಗ್ರಾಂ ಎಲ್‌ಡಿಎಲ್ ಅನ್ನು ಶೇ 30ರಿಂದ 49ರಷ್ಟು ಇಳಿಸಬೇಕು. ಅಟೊರ್ವಾಸ್ಟಾಟಿನ್ 40, ರೊಸುವಾಸ್ಟಾಟಿನ್ 20 ಶೇ 50ಕ್ಕೂ ಹೆಚ್ಚು. ಪ್ರಮಾಣ ಇಮ್ಮಡಿ ಮಾಡಿದರೆ ಹೆಚ್ಚುವರಿ ಇಳಿಕೆ ಬರೀ ಶೇ 6. ಎಜೆಟಿಮೈಬ್ ಎಂಬ ಬೇರೆ ಬಗೆಯ ಗುಳಿಗೆ ಸೇರಿಸಿದರೆ ಸುಮಾರು ಶೇ 20. ಗುರಿ ಮುಟ್ಟದಿದ್ದಾಗ ಪ್ರಮಾಣ ಏರಿಸುತ್ತಲೇ ಹೋಗುವುದಕ್ಕಿಂತ ಎರಡನೆಯದನ್ನು ಸೇರಿಸುವುದು ಲಾಭ ಎನ್ನುವುದು ಈ ಲೆಕ್ಕದಿಂದಲೇ.

ಇಳಿಯಲೇ ಇಲ್ಲವೇ? ಬಹುಪಾಲು ಕಾರಣ, ರಿಪೋರ್ಟು ‘ನಾರ್ಮಲ್’ ಬಂತೆಂದು ಗುಳಿಗೆ ನಿಲ್ಲಿಸಿರುತ್ತಾರೆ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ಬರುತ್ತದೆ. ಎರಡನೆಯದು ಥೈರಾಯ್ಡ್: ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ಅಂಕಿ) ಹೆಚ್ಚಿದ್ದರೆ ಎಲ್‌ಡಿಎಲ್ ಮೊಂಡಾಗುತ್ತದೆ, ಸ್ಟಾಟಿನ್‌ನಿಂದ ಮೈಕೈ ನೋವೂ ಹೆಚ್ಚುತ್ತದೆ. ಮೂರನೆಯದು ಅಡುಗೆಮನೆ. ತೆಂಗಿನೆಣ್ಣೆ ಉಳಿದ ಅಡುಗೆ ಎಣ್ಣೆಗಳಿಗಿಂತ ಹೆಚ್ಚು ಎಲ್‌ಡಿಎಲ್ ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ ಬೇರೆ, ಅದರಲ್ಲೇ ಕರಿಯುವುದು ಬೇರೆ. ಬಂಗಡೆ, ತಾರ್ಲೆ ಒಳ್ಳೆಯ ಮೀನುಗಳು. ಸಾರು ಮಾಡಿ ತಿಂದರೆ ಸರಿ, ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಲೆಕ್ಕ ತಲೆಕೆಳಗು. ಒಣಮೀನು ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪು ಲಿಪಿಡಿನಲ್ಲಿ ಕಾಣದು, ಬಿಪಿಯಲ್ಲಿ ಕಾಣುತ್ತದೆ.

ಸ್ಟಾಟಿನ್ ಶುಗರನ್ನು ತುಸು ಏರಿಸುವುದು ನಿಜ, ಲಾಭದ ಮುಂದೆ ಅದು ಚಿಕ್ಕದು. ಮೈ ನೋವು ಸಹಿಸಲಾಗದಷ್ಟಿದ್ದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಿ, ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ಪರೀಕ್ಷೆ ಮಾಡಿಸಬೇಕು.

ಲ್ಯಾಬಿಗೆ ಹೋಗಬಾರದ ಹೊತ್ತು

ಎದೆ ಭಾರ, ಎಡತೋಳು ಅಥವಾ ದವಡೆಯಲ್ಲಿ ಸೆಳೆತ, ಕಾರಣವಿಲ್ಲದ ಬೆವರು, ಒಮ್ಮೆಲೇ ಉಸಿರಾಟದ ಕಷ್ಟ ಬಂದರೆ ‘ಟ್ರೊಪೊನಿನ್ ಒಂದು ಮಾಡಿಸಿ ನೋಡೋಣ’ ಎಂದು ಲ್ಯಾಬಿನ ಬಾಗಿಲಿಗೆ ಹೋಗಬೇಡಿ. ಶುಗರ್ ಹಳತಾದವರಲ್ಲಿ ನರ ಕೆಟ್ಟು ಎದೆನೋವೇ ಬಾರದಿರಬಹುದು. ಬರೀ ಸುಸ್ತು, ವಾಕರಿಕೆ, ‘ಗ್ಯಾಸ್’ ಎನಿಸುವ ಹೊಟ್ಟೆಯ ಮೇಲ್ಭಾಗದ ಉರಿ ಅಷ್ಟೇ ಇರುತ್ತದೆ. ಟ್ರೊಪೊನಿನ್ ಏರಲು ಕೆಲವು ತಾಸು ಬೇಕು. ನೋವು ಶುರುವಾದ ಒಂದು ತಾಸಿನಲ್ಲಿ ಮಾಡಿಸಿದ್ದು ‘ನೆಗೆಟಿವ್’ ಬಂದರೆ ಅದು ಏನನ್ನೂ ಹೇಳುವುದಿಲ್ಲ, ಮತ್ತೊಮ್ಮೆ ಮಾಡಲೇಬೇಕು. ಮೂತ್ರಪಿಂಡ ದುರ್ಬಲವಾದ ಮಧುಮೇಹಿಗಳಲ್ಲಿ ಸದಾ ತುಸು ಹೆಚ್ಚೇ ಇರುತ್ತದೆ, ಅಲ್ಲಿ ಎರಡು ಅಂಕಿಗಳ ನಡುವಿನ ಏರಿಕೆಯೇ ಮುಖ್ಯ.

ಮೊದಲು ಬೇಕಾದದ್ದು ಇಸಿಜಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕಾರವಾರದವರಾದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ನಮ್ಮ ಜಿಲ್ಲೆಯಿಂದ ಮಣಿಪಾಲ, ಹುಬ್ಬಳ್ಳಿ, ಗೋವಾ ಎಲ್ಲವೂ ತಾಸುಗಟ್ಟಲೆ ದೂರ. ಇಸಿಜಿ ಇಲ್ಲದೆ ನೇರ ಅಲ್ಲಿಗೇ ಕಾರು ಹತ್ತಿಸಿದರೆ, ದಾರಿಯಲ್ಲಿ ಕಳೆಯುವುದು ಹೆಪ್ಪು ಕರಗಿಸುವ ಚುಚ್ಚುಮದ್ದು ಹೆಚ್ಚು ಕೆಲಸ ಮಾಡುವ ಮೊದಲ ತಾಸುಗಳನ್ನೇ. ಹತ್ತಿರದಲ್ಲೇ ಇಸಿಜಿ ತೆಗೆಸಿ, ಚುಚ್ಚುಮದ್ದು ಬೇಕಿದ್ದರೆ ಅಲ್ಲೇ ಪಡೆದು, ಆಮೇಲೆ ಆಂಬುಲೆನ್ಸಿನಲ್ಲಿ ಮುಂದೆ ಹೋಗಿ. ಕೊನೆಯ ಲಿಪಿಡ್, ಇಜಿಎಫ್‌ಆರ್, ಎಚ್‌ಬಿಎ1ಸಿ, ಹಳೆಯ ಇಸಿಜಿ, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಪಟ್ಟಿ ಇವಿಷ್ಟರ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ. ಆಂಜಿಯೊಗ್ರಾಂಗೆ ಬಳಸುವ ಔಷಧಿ ಮೂತ್ರಪಿಂಡಕ್ಕೆ ಹೊರೆ. ಅಲ್ಲಿನ ವೈದ್ಯರು ಮೊದಲು ಕೇಳುವ ಅಂಕಿಗಳಲ್ಲಿ ಇಜಿಎಫ್‌ಆರ್ ಇದ್ದೇ ಇರುತ್ತದೆ.